ಬಾವಿಯೊಳಗೆ ಇಣುಕಿದ ಭಾನುವಾರ

ನಮ್ಮ ಆಟಕ್ಕೆ ಕತ್ತಲು ಬೇಕು. ಆದರೆ ಗಡಿಯೂರಾದ ಬಾವಲಿಯ ಈ ಕಾಡಂಚಿನಲ್ಲಿ ನಿಜವಾದ ಕತ್ತಲಾದ ಮೇಲೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಆಗ ರಸ್ತೆ ಆನೆಗಳದ್ದು. ಆದ್ದರಿಂದ ನಾವು ಭಾನುವಾರ ಊಟವಾದ ಮೇಲೆ ನಮ್ಮ ಮನೆಯ ಮೆಣಸಿನ ಗೋದಾಮಿನಲ್ಲಿ ಸೇರಿ, ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿ, ಕತ್ತಲನ್ನು ಕೈಯಾರೆ ಮಾಡಿಕೊಳ್ಳುತ್ತೇವೆ. ನಡುವೆ ಒಂದು ಚಿಮಣಿ ದೀಪ. ಹೊರಗೆ ಅಂಗಳದಲ್ಲಿ ಕೋಳಿಗಳು ಕೆದಕುತ್ತಿರುತ್ತವೆ. ಒಳಗೆ ನಾವು ಒಂದು ಪಾಳು ಬಂಗಲೆಯಲ್ಲಿ ದಾರಿ ತಪ್ಪಿರುತ್ತೇವೆ.

ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ನಾನು ಕಲಿತ ಆಟ ಇದು. ಚೌಕಾಬಾರದ ಹಾಗೆ ಇದರಲ್ಲಿ ಮನೆಗಳಿಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತ ಹೋಗುತ್ತಾರೆ. ಬಾಗಿಲು ತೆರೆಯಿತೋ, ಕಾಲು ಜಾರಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಾನು ನಡೆಸುವುದು ಭಯದ ಕಥೆಗಳನ್ನು. ಅದರಲ್ಲಿ ಮುಖ್ಯವಾದ ಕೆಲಸ ತೋರಿಸುವುದಲ್ಲ, ಕೇಳಿಸುವುದು. ಹಿಂದೆ ಎಲ್ಲೋ ಒಂದು ಕೊಂಬೆ ಮುರಿಯಬೇಕು. ಆಮೇಲೆ ನಾನು ಸುಮ್ಮನಿರಬೇಕು. ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ.

ಆಡುವವರು ಮೂವರು. ನನ್ನ ಅತ್ತಿಗೆ, ಚೆಕ್‌ಪೋಸ್ಟಿನ ಆಚೆ ಕರ್ನಾಟಕದ ಕಡೆಯಿಂದ ಮದುವೆಯಾಗಿ ಬಂದವಳು. ದೆವ್ವ ಎದುರಾದರೆ ಮೊದಲು ಬೈಯುತ್ತಾಳೆ, ಆಮೇಲೆ ದಾಳ ಹಾಕುತ್ತಾಳೆ. ಎರಡನೆಯವರು ಆದಿವಾಸಿ ಹಾಡಿಯಿಂದ ಬರುವ ಫಾರೆಸ್ಟ್ ವಾಚರ್. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ಕಾಡಿನಲ್ಲಿ ಒಬ್ಬರೇ ತಿರುಗುವ ಈ ಮನುಷ್ಯ ಆಟದಲ್ಲಿ ಇದುವರೆಗೆ ಒಂದು ಬಾಗಿಲನ್ನೂ ತೆರೆದವರಲ್ಲ. ಮೂರನೆಯವರು ಮಲಯಾಳಿ ಟೀಚರ್, ನಮ್ಮ ಶಾಲೆಗೆ ಹೊಸದಾಗಿ ಬಂದವರು. ತರಗತಿಯ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ಕನ್ನಡ ಆಡುತ್ತಾರೆಂದು, ಕನ್ನಡ ಕಲಿಯುವುದಕ್ಕಾಗಿಯೇ ಆಟಕ್ಕೆ ಸೇರಿದರು. ಅವರು ಕಲಿತ ಮೊದಲ ಕನ್ನಡ ವಾಕ್ಯ 'ಅಯ್ಯೋ, ನನ್ನ ಕಾಲು ಯಾರೋ ಹಿಡಕೊಂಡ್ರು.'

ಶಾಲೆ ತೆರೆದ ಹೊಸತರಲ್ಲಿ ಒಂದು ಸಂಜೆ, ಅತ್ತಿಗೆಯ ತಮ್ಮ ಬಸ್ಸಿನಲ್ಲಿ ತಂದುಕೊಟ್ಟ ಹಲಸಿನ ಹಣ್ಣನ್ನು ಹೇರಿಕೊಂಡು ನಾವಿಬ್ಬರೂ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆವು. ಇನ್ನೂ ಬೆಳಕಿತ್ತು. ತಿರುವಿನಲ್ಲಿ ಎಡಗಡೆ ಕೊಂಬೆ ಮುರಿದ ಸದ್ದಾಯಿತು. ನಾನು ಬ್ರೇಕ್ ಹಿಡಿದೆ. ಸ್ಕೂಟರ್ ಮಗುಚಿತು. ತಲೆ ಎತ್ತಿದಾಗ ರಸ್ತೆಯಲ್ಲಿ ಆನೆ ನಿಂತಿತ್ತು. ಕಿವಿ ಬೀಸುತ್ತಿರಲಿಲ್ಲ; ಹಾಗೆ ನಿಂತ ಆನೆ ಮೇಲೆ ಏರಿ ಬರುತ್ತದೆ ಎನ್ನುತ್ತಾರೆ. ಕಿವಿ ಬೀಸದೆ ನಿಂತಿದೆಯಲ್ಲ ಎಂಬ ಒಂದೇ ಯೋಚನೆ ನನ್ನ ತಲೆಯಲ್ಲಿತ್ತು. ಅತ್ತಿಗೆ ನನ್ನ ಚೂಡಿದಾರದ ಬೆನ್ನು ಹಿಡಿದು ಮೋರಿಯೊಳಕ್ಕೆ ಎಳೆದಳು. ಇಬ್ಬರಿಗೂ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ನಾನೂ ಎಲ್ಲರಿಗೂ ಹೇಳಿದೆ. ಆದರೆ ಮುಂದಿನ ಭಾನುವಾರ ದೀಪದ ಮುಂದೆ ಕುಳಿತು 'ಹಿಂದೆ ಒಂದು ಕೊಂಬೆ' ಎಂದವಳಿಗೆ ಮುಂದಿನ ಮಾತು ಬರಲಿಲ್ಲ. ತಲೆನೋವೆಂದು ಎದ್ದುಬಿಟ್ಟೆ. ಅದರ ಮುಂದಿನ ವಾರವೂ ಹಾಗೇ ಆಯಿತು. ಬೇರೆ ಯಾರಿಗೂ ಆಟ ನಡೆಸಲು ಗೊತ್ತಿಲ್ಲ. ಟೀಚರ್ ಎರಡು ಬಸ್ ಬದಲಿಸಿ ಬರುವವರು. ಸುಮ್ಮನೆ ಚಹಾ ಕುಡಿದು ಹೋಗಲು ಎಷ್ಟು ದಿನ ಬರುತ್ತಾರೆ? ಮೂರನೆಯ ಸಲ ಗೋಣಿಚೀಲ ಕಟ್ಟುವಾಗ ನನಗೆ ಸ್ಪಷ್ಟವಾಗಿ ಗೊತ್ತಿತ್ತು: ಇವತ್ತೂ ನಡೆಸಲಾಗದಿದ್ದರೆ ಈ ಆಟ ಇಲ್ಲಿಗೆ ಮುಗಿಯಿತು.

ಶುರುಮಾಡಿದೆ. ಬಂಗಲೆಯ ಹಿತ್ತಲು. ಮೂವರೂ ಒತ್ತಿಕೊಂಡು ನಿಂತಿದ್ದಾರೆ. ಇಲ್ಲಿ ಕೊಂಬೆ ಮುರಿಯಬೇಕಿತ್ತು. ನಾನು ಬಾಯಿ ತೆರೆದೆ. ತಪ್ಪಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದೆ:

"ನಿಮ್ಮ ಮುಂದೆ ಒಂದು ಬಾವಿ ಇದೆ."

ಟೀಚರ್ ಗಂಭೀರವಾಗಿ ಕೇಳಿದರು: "ಅದರಲ್ಲಿ ನಾನು ಉಂಟಾ?"

"ಇಣುಕಿ ನೋಡಿ" ಎಂದೆ.

ಅವರು ದಾಳ ಹಾಕಿದರು. ಹದಿನೆಂಟು ಬಿತ್ತು. ಅಷ್ಟು ಬಿದ್ದ ಮೇಲೆ ಎಲ್ಲವೂ ಕಾಣಲೇಬೇಕು.

"ತುಂಬ ಆಳ. ಒಳಗೆ ಕಪ್ಪಗಿದೆ. ಒಂದು ಹನಿ ನೀರೂ ಇಲ್ಲ" ಎಂದೆ.

ಟೀಚರ ಮುಖ ಬಾಡಿತು. "ಒಂದೂ ಇಲ್ವಾ? ಕಲ್ಯಾಣ ಕೂಡ ಕಾಣಲ್ವಾ?"

ಅತ್ತಿಗೆ ನನ್ನ ಮುಖ ನೋಡಿದಳು, ಟೀಚರ ಮುಖ ನೋಡಿದಳು. "ಬಾವೀಲಿ ಯಾರಾದ್ರೂ ಮದುವೆ ಮಾಡ್ತಾರಾ ಟೀಚರೇ? ಕಪ್ಪೆಗಳಿಗಾ?"

ನನಗೆ ಆಗ ಹೊಳೆಯಿತು. ನೀರು ಸೇದುವ ಬಾವಿಗೆ ಮಲಯಾಳದಲ್ಲಿ ಕಿಣರ್ ಎನ್ನುತ್ತಾರೆ. ಭಾವಿ ಎಂದರೆ ಮುಂದೆ ಬರಲಿರುವ ಕಾಲ. ನಾನು ಬಾವಿ ಎಂದದ್ದನ್ನು ಅವರು ಭಾವಿ ಎಂದು ಕೇಳಿಸಿಕೊಂಡಿದ್ದರು. ನಿಮ್ಮ ಮುಂದೆ ಒಂದು ಭವಿಷ್ಯ ಇದೆ ಎಂದರೆ, ಅದರಲ್ಲಿ ತಾನಿದ್ದೇನೆಯೇ ಎಂದು ಯಾರಾದರೂ ಕೇಳುತ್ತಾರಲ್ಲವೇ? ನಾನು ಬಿಡಿಸಿ ಹೇಳುವಷ್ಟರಲ್ಲಿ ಅಣ್ಣ ಬೆಂಚಿಗೆ ಕೈಯೂರಿ ನಗುತ್ತಿದ್ದರು. ಟೀಚರ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, "ಎಂಟಮ್ಮೇ, ನೀರಿಲ್ಲ ಅಂದಾಗ್ಲೇ ನನಗೆ ಪೇಡಿ ಆಯ್ತು!" ಎಂದರು. ಎಂಟಮ್ಮೇ ಎಂದರೆ ನನ್ನಮ್ಮಾ, ಪೇಡಿ ಎಂದರೆ ಹೆದರಿಕೆ. ಆ ಮಾತು ನಮ್ಮ ಮನೆಗಳಲ್ಲೂ ನಡೆಯುತ್ತದೆ.

ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತಿರುವಿನ ಆ ಸಂಜೆಯ ನಂತರ ಹಾಗೆ ನಕ್ಕಿರಲಿಲ್ಲ.

"ಬಾವಿಯೋ ಭಾವಿಯೋ, ಇರಲಿ ಬಿಡು" ಎಂದಳು ಅತ್ತಿಗೆ. "ನಾನೂ ಇಣುಕ್ತೀನಿ. ನನ್ನ ಹಲಸಿನ ಹಣ್ಣು ಅದರಾಗೆ ಐತಾ ನೋಡು."

"ಯಾವ ಹಲಸಿನ ಹಣ್ಣು?" ಎಂದರು ಅಣ್ಣ.

"ಇವಳು ಹೇಳಿಲ್ವಾ? ಆವತ್ತು ಆ ದೊಡ್ಡವನು ನಮ್ಮನ್ನ ಕಣ್ಣೆತ್ತಿ ನೋಡಿದ್ರೆ ಕೇಳಿ! ಅವನು ಬಂದಿದ್ದೇ ನನ್ನ ತವರಿನ ಹಣ್ಣಿಗೆ. ಕಾಲಲ್ಲಿ ಒತ್ತಿ ಒಡೆದ, ತಿಂದ, ಹೋದ. ನಾವು ಮೋರಿಯಾಗೆ ಕೆಸರು ಕುಡೀತಾ ಕೂತಿದ್ವಿ."

ಅದು ನಿಜ. ನಾನು ಎಲ್ಲರಿಗೂ ಹೇಳುವಾಗ ಕೊಂಬೆಯ ಸದ್ದನ್ನು ಹೇಳಿದ್ದೆ, ಕಿವಿಯನ್ನು ಹೇಳಿದ್ದೆ. ಹಣ್ಣನ್ನು ಹೇಳಿರಲಿಲ್ಲ. ನೆನಪೇ ಆಗಿರಲಿಲ್ಲ. ಈಗ ಒಮ್ಮೆಲೇ ನೆನಪಾಯಿತು: ಮೋರಿಯೊಳಗೆ ನನ್ನ ಕೆನ್ನೆಗೆ ಒತ್ತಿದ್ದ ಅತ್ತಿಗೆಯ ಮೊಣಕೈ, ಮೇಲೆ ರಸ್ತೆಯಲ್ಲಿ ಚಪ್ಪರಿಸುವ ಸದ್ದು, ಮತ್ತು ಸಂಜೆಯ ಗಾಳಿಯ ತುಂಬ ಇಳಿದುಬಂದ ಆ ಸಿಹಿಯಾದ, ದಟ್ಟವಾದ ವಾಸನೆ.

ನಾನು ದೀಪದ ಬತ್ತಿಯನ್ನು ಇಳಿಸಿದೆ. ನಗು ನಿಂತಿತು. ನಾನು ಬತ್ತಿ ಇಳಿಸಿದರೆ ಆಟ ಮತ್ತೆ ಶುರುವಾಯಿತೆಂದು ಅವರಿಗೆ ಗೊತ್ತು.

"ಮೂವರೂ ಬಾವಿಯೊಳಗೆ ಬಗ್ಗಿದ್ದೀರಿ" ಎಂದೆ. "ಒಳಗಿನಿಂದ ಏನೂ ಕೇಳಿಸುವುದಿಲ್ಲ. ಗಾಳಿ ಇಲ್ಲ. ನಿಮ್ಮ ಹಿಂದೆ, ತೀರ ಹತ್ತಿರದಲ್ಲಿ, ಒಂದು ಕೊಂಬೆ ಮುರಿಯುತ್ತದೆ."

ಹೇಳಿದೆ. ಧ್ವನಿ ಸ್ವಲ್ಪ ನಡುಗಿತು. ಆ ನಡುಕ ಕಥೆಗೆ ಚೆನ್ನಾಗಿಯೇ ಹೊಂದಿತು. ಆಮೇಲೆ ಸುಮ್ಮನಿದ್ದೆ. ಸುಮ್ಮನಿರುವುದೂ ಸಾಧ್ಯವಾಯಿತು. ಕೊನೆಗೆ ಮೆಲ್ಲಗೆ ಹೇಳಿದೆ:

"ಹಲಸಿನ ಹಣ್ಣಿನ ವಾಸನೆ ಬರುತ್ತಿದೆ."

ಅಣ್ಣ ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡರು. ಅತ್ತಿಗೆ ಟೀಚರನ್ನು ತಬ್ಬಿಕೊಂಡು ಕಿರುಚಿದಳು. ಹೊರಗೆ ಕೋಳಿಗಳು ದಿಕ್ಕಾಪಾಲಾದದ್ದು ಕೇಳಿಸಿತು. "ಬ್ಯಾಡ ತಂಗ್ಯವ್ವ, ಬ್ಯಾಡ" ಎಂದ ಅಣ್ಣ, ಮರುಕ್ಷಣವೇ, "ಎಲ್ಲಿಂದ ಬತ್ತಾ ಐತೆ? ಬಂಗಲೆ ಬಾಗಿಲು ಎಷ್ಟು ದೂರ? ನಾ ತಗೀತೀನಿ, ನಾನೇ ತಗೀತೀನಿ!" ಎಂದು ದಾಳಕ್ಕೆ ಕೈ ಚಾಚಿದರು. ಅವರ ಮೊದಲ ಬಾಗಿಲು. ದಾಳದಲ್ಲಿ ಬಿದ್ದದ್ದು ಎರಡು. ಬಾಗಿಲು ಅಲುಗಲಿಲ್ಲ. ಆದರೂ ಅವರಷ್ಟು ಖುಷಿಯಾಗಿ ಆ ದಿನ ಯಾರೂ ಇರಲಿಲ್ಲ.

ಬಿಸಿಲು ಇಳಿಯುವ ಮೊದಲು ಗೋಣಿಚೀಲ ಬಿಚ್ಚಿದೆವು. ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಟೀಚರ್ ನನ್ನ ಕಡೆ ನೋಡಿದರು. ಎರಡು ವಾರ ಕೇಳಬೇಕೆಂದಿದ್ದು, ಕೇಳದೆ ಉಳಿಸಿಕೊಂಡ ಪ್ರಶ್ನೆ ಅದೆಂದು ನನಗೆ ತಿಳಿಯಿತು.

"ಮುಂದಿನ ಭಾನುವಾರ ಬಾವಿ ಉಂಟಾ?"

"ಉಂಟು ಟೀಚರೇ" ಎಂದೆ. "ಹಗ್ಗ ತನ್ನಿ."