ಮಾವನ ಕಾಂಟ್ಯಾಕ್ಸು, ಸಾಹೇಬರ ಲೈಕಾ

ನನ್ನ ಮಾವ ನರಸಿಂಗಾಚಾರ್ಯರು ಯಾರೊಡನೆ ಮಾತಾಡಿದರೂ ಎಡಗಣ್ಣು ಮುಚ್ಚುತ್ತಿದ್ದರು. ಗದ್ವಾಲಿನಲ್ಲಿ ವರ್ಷಗಟ್ಟಲೆ ಫೋಟೋ ತೆಗೆದು ಬಂದ ಅಭ್ಯಾಸ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಹೆದರಿದ್ದೆ. ಆಮೇಲೆ ಅವರೇ ನನಗೆ ಫೋಟೋ ತೊಳೆಯುವುದನ್ನು ಕಲಿಸಿದರು.

ಪೂಜಾರಿಕೆಯ ಮನೆತನದ ಅವರು ತಮ್ಮ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಸ್ನಾನ ಮಾಡದೆ ಮುಟ್ಟುತ್ತಿರಲಿಲ್ಲ. ಅವರ ಗೆಳೆಯ, ತಹಸೀಲು ಕಚೇರಿಯಲ್ಲಿ ಕಡತ ನೋಡುವ ಪೇಶ್ಕಾರ ಖಾದರ್ ಸಾಹೇಬರ ಬಳಿ ಲೈಕಾ ಇತ್ತು. ಸಂಜೆ ಮನೆ ಮುಂದಿನ ಮಾವನ ಫೋಟೋ ಅಂಗಡಿಯ ಕಟ್ಟೆಯ ಮೇಲೆ ಎರಡನ್ನೂ ಇಟ್ಟುಕೊಂಡು ವಾದಕ್ಕೆ ಕೂರುತ್ತಿದ್ದರು.

“ನಿಮ್ಮದರಾಗ ಒಂದು ಕಿಂಡಿ ಫೋಕಸಿಗೆ, ಇನ್ನೊಂದು ಚಿತ್ರಕ್ಕ. ಅಷ್ಟರಾಗ ಕೂಸು ಎದ್ದು ಹೋಗಿರ್ತೈತ್ರಿ. ನನ್ನದರಾಗ ಎರಡಕ್ಕೂ ಒಂದ ಕಿಂಡಿ,” ಎನ್ನುವರು ಮಾವ.

“ನಿಮ್ಮದು ಇಟ್ಟಂಗಿ ಐತ್ರಿ ಆಚಾರ್ರ. ನನ್ನದು ಶೇರ್ವಾನಿ ಕಿಸೆದಾಗ ಕುಂದರ್ತೈತಿ,” ಎನ್ನುವರು ಸಾಹೇಬರು.

ನಿಜಾಮನ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರ ದಿನಗಳಲ್ಲಿ ಕಚೇರಿಯ ಮುಂದೆ ಊರಿನ ಹಲವರನ್ನು ತಮ್ಮ ಜೊತೆ ನಿಲ್ಲಿಸಿಕೊಂಡು, ರಜಾಕಾರರು ಮಾವನಿಂದ ಗುಂಪು ಫೋಟೋ ತೆಗೆಸಿದರು. ಹುರುಪಿನಿಂದ ನಿಂತವರಿದ್ದರು, ಅಂಜಿ ನಿಂತವರೂ ಇದ್ದರು. ಸಾಹೇಬರ ಮಗ ಯೂಸುಫ್ ಕೂಡ ಅವರಲ್ಲಿದ್ದ. ತೊಳೆದು ನೋಡಿದರೆ ಒಂದೊಂದು ಮುಖವೂ ಸ್ಪಷ್ಟ.

ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಗಿ, ರಜಾಕಾರರು ಸೋತ ಮೇಲೆ ಒಂದು ಮಧ್ಯಾಹ್ನ ಐದಾರು ಜನ ಬಡಿಗೆ ಹಿಡಿದು ಬಂದು ಆ ಫಿಲ್ಮು ಕೇಳಿದರು. “ಯಾರ್ಯಾರು ನಿಂತಿದ್ರು, ನೋಡಾಕ ಬೇಕು.”

ಮಾವ ಒಳಗೆ ಬಂದರು. “ಒಲಿ ಉರೀತೈತೇನವ್ವಾ?” ಎಂದರು. ಹೂಂ ಎಂದೆ. ಫಿಲ್ಮನ್ನೂ ಇದ್ದೊಂದು ಪ್ರತಿಯನ್ನೂ ಒಲೆಗೆ ಹಾಕಿ, ಪೂರಾ ಬೂದಿಯಾಗುವವರೆಗೆ ನಿಂತು, ಹೊರಗೆ ಹೋದರು.

“ಸುಟ್ಟೀನಿ. ಯಾರು ನಿಂತಿದ್ರು ಅನ್ನೋದು ಅದರಾಗ ಕಾಣತೈತಿ. ಯಾಕ ನಿಂತಿದ್ರು ಅನ್ನೋದು ಕಾಣಂಗಿಲ್ಲ.”

ಅವರು ಮಾವನನ್ನು ಮುಟ್ಟಲಿಲ್ಲ. ಕಾಂಟ್ಯಾಕ್ಸನ್ನು ಕಟ್ಟೆಯ ಕಲ್ಲಿಗೆ ಅಪ್ಪಳಿಸಿ ಹೋದರು. ಮಾವ ಕುಕ್ಕರಗಾಲಲ್ಲಿ ಕೂತು ಗಾಜಿನ ಚೂರು ಆರಿಸತೊಡಗಿದರು.

ಮರುದಿನ ಸಾಹೇಬರು ಬಂದು ಲೈಕಾವನ್ನು ಮಾವನ ತೊಡೆಯ ಮೇಲಿಟ್ಟರು.

“ನನಗ ಇದರಾಗ ನೋಡಾಕ ಬರಂಗಿಲ್ರಿ,” ಎಂದರು ಮಾವ.

“ಕಲೀರಿ,” ಎಂದರು ಸಾಹೇಬರು.

ಮಾವ ಕೊನೆಯವರೆಗೂ ಅದರಲ್ಲೇ ದುಡಿದರು. ವಾದ ಮಾತ್ರ ಮತ್ತೆ ನಡೆಯಲಿಲ್ಲ. ಅವರು ತೀರಿಕೊಂಡ ದಿನ ಸಾಹೇಬರು ಕೃಷ್ಣೆಯ ದಂಡೆಯವರೆಗೂ ನಡೆದು ಬಂದರಂತೆ. ಚಪ್ಪಲಿ ಕೈಯಲ್ಲಿ ಹಿಡಿದು, ಕಾದ ಮರಳಿನ ಮೇಲೆ, ಚಿತೆ ಆರುವವರೆಗೂ ದೂರದಲ್ಲಿ ನಿಂತೇ ಇದ್ದರೆಂದು ನನ್ನ ಗಂಡ ಬಂದು ಹೇಳಿದರು.