ಮನೆ ಮೇಲೆ ಹಾರದ ವಿಮಾನ

ಅಮೆರಿಕದ ಸ್ಯಾನ್ ರಮೋನ್‌ನಲ್ಲಿರೋ ನನ್ನ ಪುಟ್ಟ ಟ್ರಾವೆಲ್ಸ್ ಆಫೀಸಿಗೆ ಒಂದು ಮಧ್ಯಾಹ್ನ ನನ್ನದೇ ವಯಸ್ಸಿನ ರೋಸ್‌ಲೀನ್ ಬಂದಳು. ಕೆರಿಬಿಯನ್ ದೇಶ ಹೈಟಿಯವಳು. ಅಲ್ಲಿನ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಟಿಕೆಟ್ ಕೇಳಿದಳು. ಊರಲ್ಲಿದ್ದ ತಾಯಿಗೆ ಕಾಯಿಲೆ ಜೋರಾಗಿ, ಡಾಕ್ಟರು ಕೈಚೆಲ್ಲಿದ್ದರಂತೆ. ಆದರೆ ವಿಮಾನಗಳಿಗೇ ಗ್ಯಾಂಗುಗಳ ಗುಂಡು ಬಿದ್ದ ಮೇಲೆ ಆ ಏರ್‌ಪೋರ್ಟಿಗೆ ಅಮೆರಿಕದಿಂದ ಹೋಗೋ ಫ್ಲೈಟೆಲ್ಲ ನಿಂತಿದ್ದವು. ಹೈಟಿಯ ಉತ್ತರದಲ್ಲಿರೋ ಇನ್ನೊಂದು ಏರ್‌ಪೋರ್ಟ್ ತೋರಿಸಿದೆ.

"ಅಲ್ಲಿಂದ ನಮ್ಮನೆಗೆ ಹೋಗೋ ದಾರೀಲಿ ಬಂದೂಕು ಹಿಡಿದವರು ನಿಂತಿದ್ದಾರೆ," ಎಂದಳು. ಫೋನ್ ತೆಗೆದು, "ಸುಳ್ಳಾದ್ರೂ ಸರಿ, ಟಿಕೆಟ್ ಆಯ್ತು ಅಂತ ಅಮ್ಮಂಗೆ ನೀವೇ ಹೇಳ್ತೀರಾ? ನಾನು ಹೇಳಿದ್ರೆ ನಂಬಲ್ಲ," ಎಂದು ವೀಡಿಯೋ ಕಾಲ್ ಮಾಡಿದಳು.

ದಿಂಬಿಗೆ ಒರಗಿದ್ದ ಬತ್ತಿದ ಮುಖ ಕಾಣಿಸಿತು. "ಗುರುವಾರ ನಿಮ್ಮ ಮಗಳು ಬರ್ತಾಳಮ್ಮ," ಎಂದೆ. ರೋಸ್‌ಲೀನ್ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು. ತಾಯಿ ನಿಧಾನವಾಗಿ ಏನೋ ಅಂದು ನಕ್ಕರು. ರೋಸ್‌ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಂದ್ರು?"

"ನಮ್ಮನೆ ಏರ್‌ಪೋರ್ಟ್ ಪಕ್ಕದಲ್ಲೇ. ಎಷ್ಟೋ ದಿನದಿಂದ ಮನೆ ಮೇಲೆ ದೊಡ್ಡ ವಿಮಾನ ಒಂದೂ ಹಾರಿಲ್ಲವಂತೆ. 'ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ ಆ ಹುಡುಗಿಗೆ ಥ್ಯಾಂಕ್ಸ್ ಹೇಳು' ಅಂದ್ರು."

ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಮಾತ್ರ ಫೋನಿನಿಂದ ನನ್ನ ಕಡೆ ಕೈಬೀಸುತ್ತಲೇ ಇದ್ದರು.

ಬುಧವಾರ ಆಕೆ ತೀರಿಕೊಂಡರು. ಮಣ್ಣು ಮಾಡಿದ್ದನ್ನೂ ರೋಸ್‌ಲೀನ್ ಫೋನಿನಲ್ಲೇ ನೋಡಿದಳು. ಮಾಡಿಕೊಟ್ಟ ಬುಕಿಂಗಿಗೆ ಜನ ಬೈದು ಹೋಗುವ ಕೆಲಸ ನನ್ನದು. ಮಾಡದ ಬುಕಿಂಗಿಗೆ ಥ್ಯಾಂಕ್ಸ್ ಅಂದವರು ಅವರೊಬ್ಬರೇ.