ಹೊಗೆಮನೆಯಿಂದ ಬಂದ ಲೆಕ್ಕ

ಕೊರೊನಾ ಕಳೆದ ಮರುವರ್ಷ ನಾನು ವಿಶ್ವವಿದ್ಯಾನಿಲಯವೊಂದರ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿ ಸರ್ವೆಯ ಮೇಲ್ವಿಚಾರಕಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಆ ಕೇಂದ್ರವೆಂದರೆ ನನಗೆ ಈಗಲೂ ಶನಿವಾರದ ಸೆಮಿನಾರುಗಳೇ ನೆನಪು. ಕೈಕೊಡುವ ಪ್ರೊಜೆಕ್ಟರ್, ಫ್ಲಾಸ್ಕಿನ ಚಹಾ, 'ಕುಟುಂಬ' ಎಂದರೆ ಯಾರು ಎಂಬ ಮುಗಿಯದ ಜಗಳ. ಒಂದು ಮನೆಯಲ್ಲಿ ಸಾಮಾನ್ಯವಾಗಿ ವಾಸಿಸುವವರನ್ನು ಎಣಿಸುವುದು ಡಿ ಜೂರೆ ಕ್ರಮ. ಎಣಿಸುವ ಹೊತ್ತಿಗೆ ಅಲ್ಲಿ ಯಾರಿದ್ದಾರೋ ಅವರನ್ನು ಎಣಿಸುವುದು ಡಿ ಫ್ಯಾಕ್ಟೊ. ಇದನ್ನು ನಾನು ಎಷ್ಟೋ ಮಂದಿಗೆ ಕಲಿಸಿದ್ದೆ.

ಸರ್ವೆಗಾಗಿ ಸುಳ್ಯ ತಾಲೂಕಿನ ಗುತ್ತಿಗಾರಿಗೆ ಹೋದೆವು. ಕಾಡಂಚಿನ ಗುಡ್ಡದಲ್ಲಿ ದೂರದೂರಕ್ಕೆ ಮೂರು ಮನೆ. ಸಂಶೋಧನಾ ಸಹಾಯಕಿ ಶೈಲಜಾ ಕೆಳಗಿನ ಮನೆಗೆ ಹೋದಳು. ಮುಗಿಸಿ ನನ್ನಲ್ಲಿಗೆ ಬರುವಂತೆ ಹೇಳಿ, ನಾನು ನಡುವಿನ ಮನೆಯ ಸೀತಕ್ಕನ ಜಗಲಿಯಲ್ಲಿ ಕೂತೆ.

"ಮನೆಯಲ್ಲಿ ಎಷ್ಟು ಜನ?" ಎಂದೆ.

"ಮೂರು."

ಮಗಳು ಪುತ್ತೂರಿನಲ್ಲಿ ನರ್ಸ್, ಅಲ್ಲೇ ವಾಸ ಎಂದು ತಿಳಿದಾಗ, "ಹಾಗಾದರೆ ಇಬ್ಬರು" ಎಂದೆ.

"ಎಂತ ಮಾರಾಯ್ರೆ! ತಿಂಗಳಿಗೊಮ್ಮೆ ಬಂದು ನನ್ನ ಹತ್ರ ಜಗಳ ಮಾಡಿ ಹೋಗ್ತಾಳೆ. ಅವಳು ಲೆಕ್ಕಕ್ಕಿಲ್ವಾ?"

ಒಳಗಿದ್ದ ಗಂಡ ಕುಶಾಲಪ್ಪಣ್ಣ ನಕ್ಕರು. "ಬಿಡಿ ಮೇಡಂ, ಜಗಳ ಮಾಡ್ಲಿಕ್ಕೆ ಇಲ್ಲಿ ಇಬ್ಬರೇ ಧಾರಾಳ."

ಆಗ ಮೇಲಿನ ಮನೆಯಿಂದ ಉದ್ದನೆಯ ಕೂ ಕೇಳಿತು. ಸೀತಕ್ಕ ನನ್ನ ರಟ್ಟೆ ಹಿಡಿದು ಒಳಗೆಳೆದರು. ಕುಶಾಲಪ್ಪಣ್ಣ ಬಾಗಿಲಿಗೆ ಅಗುಳಿ ಹಾಕಿ, "ಆನೆ. ಉಸಿರೆತ್ತಬೇಡಿ" ಎಂದರು.

ಕಿಟಕಿಯ ಸಂದಿನಲ್ಲಿ ಕಂಡದ್ದು ಬೂದು ಗೋಡೆಯಂಥ ಒಂದು ಪಕ್ಕೆ ಮಾತ್ರ. ಅಂಗಳದ ಬದಿಯ ಬಾಳೆ ಲಟಲಟನೆ ಮುರಿಯಿತು. ನಾನು ಕೂತಿದ್ದ ಕುರ್ಚಿ ಉರುಳಿ ಮೆಟ್ಟಿಲಿಗೆ ಬಡಿಯಿತು. ಬಳಿಕ ಆನೆ ಕೆಳಗಿನ ದಾರಿ ಹಿಡಿಯಿತು. ಶೈಲಜಾ ಬರಬೇಕಾದದ್ದು ಅದೇ ದಾರಿಯಲ್ಲಿ. ಫೋನಿಗೆ ರೇಂಜ್ ಇರಲಿಲ್ಲ.

ಆನೆ ಕೆಳಗೆ ಹರಿಯುವ ತೋಡು ದಾಟಿ ಆಚೆ ಕಾಡಿಗೆ ಹೊಕ್ಕಿದ್ದು ಖಚಿತವಾದ ಮೇಲೆ ಪ್ರತಿ ಮನೆಯವರೂ ಒಳಗೆ ಎಷ್ಟು ಜನ ಕ್ಷೇಮ ಎಂದು ಕೂಗಿ ಹೇಳುವುದು ಅಲ್ಲಿನ ರೂಢಿ. ಮೇಲಿನ ಮನೆಯವರು "ನಾಲ್ಕು!" ಎಂದರು.

"ಮೂರು! ಅದ್ರಲ್ಲಿ ಒಂದು ಸರ್ವೆದು!" ಎಂದು ಸೀತಕ್ಕ ಕೂಗಿದರು. ಮಗಳನ್ನು ಲೆಕ್ಕದಿಂದ ಬಿಟ್ಟ ಜಾಗದಲ್ಲಿ ಈಗ ನಾನಿದ್ದೆ.

ಕೆಳಗಿನ ಮನೆ ತಡವಾಗಿ ಉತ್ತರಿಸಿತು. "ಇಬ್ಬರು! ಟೀಚರ್ ಆಗ್ಲೇ ಹೊರಟಾಯ್ತು!"

ಸರ್ವೆಗೆ ಬಂದವರನ್ನು ಟೀಚರ್ ಎನ್ನುವುದು ಅಲ್ಲಿ ವಾಡಿಕೆ. ನಾನು ಬಾಗಿಲು ತೆರೆಯಲು ಹೋದೆ. ಕುಶಾಲಪ್ಪಣ್ಣ ಅಡ್ಡ ನಿಂತರು. "ಒಂದು ಹೋದ್ರೆ ಹಿಂದೆ ಇನ್ನೊಂದು ಇರ್ತದೆ." ಮೂರು ಮನೆಗಳೂ ಸುಮ್ಮನಾದವು.

ಆಮೇಲೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಕಡೆಯಿಂದ ಬಿರುಕುಬಿಟ್ಟ ಸ್ವರವೊಂದು ಬಂತು.

"ಒಬ್ಬಳು!"

ಸೀತಕ್ಕ ಎದೆಯ ಮೇಲೆ ಕೈಯಿಟ್ಟರು. ಮರುಕ್ಷಣ ಗುಡ್ಡಕ್ಕೆಲ್ಲ ಕೇಳುವಂತೆ, "ಹೊಗೆಮನೆ ನಮ್ಮದೇ! ನಮ್ಮ ಲೆಕ್ಕ ನಾಲ್ಕು!" ಎಂದು ಕೂಗಿದರು.

ಕುಶಾಲಪ್ಪಣ್ಣ ಹೋಗಿ ಶೈಲಜಾಳನ್ನು ಕರೆತಂದಾಗ ಅವಳ ಮೈಯೆಲ್ಲ ಮಸಿ. "ಎಲ್ಲರ ಲೆಕ್ಕ ಕೇಳಿಸಿತು ಮೇಡಂ. ನಾನು ಯಾವ ಮನೆಗೂ ಸೇರಿರಲಿಲ್ಲ" ಎಂದು ಅತ್ತಳು. ಸೀತಕ್ಕ ಬೆಲ್ಲ ನೀರು ಕೊಟ್ಟು, "ಈಗ ಸೇರಿದ್ದೀಯಲ್ಲ, ಕುಡಿ" ಎಂದರು.

ಊರಿಗೆ ಮರಳಿದ ಮೇಲೆ ಒಂದು ಸೆಮಿನಾರಿನಲ್ಲಿ ಶೈಲಜಾ ಡಿ ಫ್ಯಾಕ್ಟೊ ಪದವನ್ನು ವಿವರಿಸುತ್ತಿದ್ದಳು. ಯಾರೋ ಉದಾಹರಣೆ ಕೇಳಿದರು. ಅವಳು ನನ್ನತ್ತ ನೋಡಿ, "ಹೊಗೆಮನೆಯಲ್ಲಿ ಒಬ್ಬಳು" ಎಂದಳು.

ಸೀತಕ್ಕನ ಮನೆಯ ಫಾರ್ಮಿನಲ್ಲಿ ನಿಯಮದಂತೆ ಇಬ್ಬರೇ ಇದ್ದಾರೆ. ಅದು ಸರಿಯಾದ ಲೆಕ್ಕವೇ. ಆದರೆ ಎಲ್ಲ ಮನೆಗಳ ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲಬೇಕೆಂದು ನಾನು ಕಲಿತದ್ದು ಆ ಗುಡ್ಡದಲ್ಲಿ. ದಾರಿಯಲ್ಲಿ ಇನ್ನೂ ಒಬ್ಬರು ಇರಬಹುದು.